ಮೂರನೇ ಸ್ಥಾನ ಸೋಲೇ?

2025ರ ಏಪ್ರಿಲ್ 12ರ ರಾತ್ರಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಫುಟ್‌ಬಾಲ್ ಫೈನಲ್ ಸೋತಿತು. ಎದುರಾಳಿ ಮೋಹನ್ ಬಾಗಾನ್, ಹೆಚ್ಚುವರಿ ಸಮಯದಲ್ಲಿ 2–1. ಲೀಗ್ ಪಟ್ಟಿಯಲ್ಲಿ ಆ ವರ್ಷ ನಮ್ಮ ತಂಡಕ್ಕೆ ಮೂರನೇ ಸ್ಥಾನ. ಹಿಂದಿನ ವರ್ಷ ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿದ್ದ ತಂಡಕ್ಕೆ ಇದು ಸಣ್ಣ ಏರಿಕೆಯಲ್ಲ. ಆದರೂ ನೀಲಿ ಅಂಗಿಯವರ ಬಾಯಲ್ಲಿ ಆ ರಾತ್ರಿ ಬಂದದ್ದು ಒಂದೇ ಮಾತು: ಈ ವರ್ಷವೂ ಹೋಯಿತು.

ಒಮ್ಮೆ ಕಪ್ ಎತ್ತಿದ ತಂಡದಿಂದ ಅಭಿಮಾನಿ ಪ್ರತಿವರ್ಷವೂ ಕಪ್ಪನ್ನೇ ಕೇಳುವುದು ನ್ಯಾಯವೇ? ಕಂಠೀರವ ಕ್ರೀಡಾಂಗಣದ ಒಂದೇ ಗ್ಯಾಲರಿಯಲ್ಲಿ ಕೂರುವ ಇಬ್ಬರು ಈ ಪ್ರಶ್ನೆಗೆ ಎರಡು ಉತ್ತರ ಕೊಟ್ಟಿದ್ದಾರೆ.

ಪರ: ರುಚಿ ಹತ್ತಿಸಿದ್ದು ಅವರೇ

2013ರ ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋದಾಗ ನನ್ನ ತಲೆಯಲ್ಲಿ ನಿರೀಕ್ಷೆ ಅನ್ನುವುದೇ ಇರಲಿಲ್ಲ. ಕ್ಲಬ್ ಹುಟ್ಟಿ ಎರಡು ತಿಂಗಳಾಗಿತ್ತು. ಐ-ಲೀಗಿನ ಮೊದಲ ಪಂದ್ಯ, ಎದುರಿಗೆ 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್. ಮೂರು ಗೋಲು ಹೊಡೆಸಿಕೊಳ್ಳದಿದ್ದರೆ ಮರ್ಯಾದೆ ಉಳಿಯಿತು ಅಂದುಕೊಂಡು ಕೂತಿದ್ದೆ. ಪಂದ್ಯ 1–1ರಲ್ಲಿ ಮುಗಿಯಿತು. ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದ ಒಬ್ಬರು ನನ್ನನ್ನು ತಬ್ಬಿಕೊಂಡು ಕುಣಿದರು. ಮನೆಗೆ ಬಂದು ಗೆದ್ದವನ ಹಾಗೇ ಊಟ ಮಾಡಿದೆ.

ಈಗ 2015ರ ಮೇ 31ಕ್ಕೆ ಬನ್ನಿ. ಅಷ್ಟರಲ್ಲಿ ತಂಡ ಕಂಠೀರವಕ್ಕೆ ಬಂದಿತ್ತು. ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದೂ ಆಗಿತ್ತು. ಮತ್ತೆ ಅದೇ ಮೋಹನ್ ಬಾಗಾನ್, ಲೀಗಿನ ಕೊನೆಯ ಪಂದ್ಯ. ಗೆದ್ದರೆ ಕಪ್ ನಮ್ಮದು, ಡ್ರಾ ಆದರೆ ಅವರದು. ಮೊದಲರ್ಧದಲ್ಲಿ ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದ. ಮಳೆಯಲ್ಲಿ ತೊಯ್ದು, ಗಂಟಲು ಹರಿಯುವಂತೆ ಕೂಗುತ್ತಾ ನಿಮಿಷ ಎಣಿಸುತ್ತಿದ್ದೆವು. 87ನೇ ನಿಮಿಷದಲ್ಲಿ ಅವರ ಬೆಲ್ಲೊ ರಜಾಕ್ ಚೆಂಡಿಗೆ ತಲೆ ಕೊಟ್ಟ. 1–1. ಬಾಗಾನಿಗರು ಹದಿಮೂರು ವರ್ಷಗಳ ಬಳಿಕ ರಾಷ್ಟ್ರೀಯ ಲೀಗ್ ಗೆದ್ದು ಅಳುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತವನು ಏಳಲೇ ಇಲ್ಲ.

ಅದೇ ಎದುರಾಳಿ, ಅದೇ 1–1, ನಡುವೆ ಎರಡು ವರ್ಷವೂ ಪೂರ್ತಿ ಆಗಿರಲಿಲ್ಲ. ಮೊದಲನೆಯದಕ್ಕೆ ಕುಣಿದವನು ಎರಡನೆಯದಕ್ಕೆ ಕುಸಿದೆ. ಇದರಲ್ಲಿ ದುರಾಸೆ ಎಲ್ಲಿದೆ? ಬುತ್ತಿ ಕಟ್ಟಿಕೊಂಡು ಹೋದವರು ನಾವಲ್ಲ, ಬಡಿಸಿದ್ದು ಕ್ಲಬ್. 2013ರಿಂದ 2019ರವರೆಗೆ ಆರು ಋತುಗಳು, ಆರರಲ್ಲೂ ಒಂದೊಂದು ಕಪ್: ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, ಒಂದು ಸೂಪರ್ ಕಪ್, ಕೊನೆಗೆ ಮುಂಬೈಯಲ್ಲಿ ರಾಹುಲ್ ಭೆಕೆಯ ಹೆಡರ್‌ನಿಂದ ಬಂದ ಐಎಸ್ಎಲ್. ನಡುವೆ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರು ಬೇರೆ. ಆರು ವರ್ಷ ಹೋಳಿಗೆ ಹಾಕಿ ಏಳನೇ ವರ್ಷ ಗಂಜಿ ಕೊಟ್ಟರೆ, 'ಹಸಿದವನಿಗೆ ಗಂಜಿಯೂ ಅಮೃತ' ಅಂತ ಪಾಠ ಹೇಳುವವರು ಮೊದಲು ಹೋಳಿಗೆ ಬಡಿಸಿದವರನ್ನು ಕೇಳಲಿ.

ಇನ್ನೊಂದು ಮುಖ್ಯ ಮಾತಿದೆ, ಇದನ್ನು ಯಾರೂ ಗಮನಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಕೆಟ್ಟದಾಗಿ ಆಡಿದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಆ ಭಯವೇ ಮಾಲೀಕನನ್ನು ನಿದ್ದೆಯಿಂದ ಎಬ್ಬಿಸುತ್ತದೆ. ನಮ್ಮ ಐಎಸ್ಎಲ್‌ನಲ್ಲಿ ಬೆಂಗಳೂರು ಹತ್ತನೆಯದಾದಾಗ ಏನಾಯಿತು? ಏನೂ ಆಗಲಿಲ್ಲ. ಮುಂದಿನ ವರ್ಷದ ಸೀಟು ಕಾದಿರಿಸಿಯೇ ಇತ್ತು. ಆಗ ಇಳಿಕೆಯೇ ಇಲ್ಲದಿದ್ದ ಲೀಗಿನಲ್ಲಿ ತಂಡಕ್ಕೆ ಶಿಕ್ಷೆ ಕೊಡುವವರು ಯಾರಿದ್ದರು? ನಾವು ಮಾತ್ರ. ನಮ್ಮ ಗೊಣಗಾಟ, ನಾವು ಬಿಟ್ಟುಹೋದ ಖಾಲಿ ಕುರ್ಚಿ. 'ಮೂರನೇ ಸ್ಥಾನ ಸಾಕು' ಅಂತ ನಾವೂ ಚಪ್ಪಾಳೆ ತಟ್ಟಿದರೆ ಆ ಕೊನೆಯ ಬೇಲಿಯೂ ಬಿದ್ದಹಾಗೆ.

ಕೂಗಳತೆಯಲ್ಲಿರುವ ಚಿನ್ನಸ್ವಾಮಿ ಕ್ರೀಡಾಂಗಣದ ತಂಡವನ್ನೇ ನೋಡಿ. ಆರ್‌ಸಿಬಿಯವರು ಮೊದಲ ಕಪ್ ಎತ್ತಲು ಹದಿನೆಂಟನೇ ಐಪಿಎಲ್ ಬರಬೇಕಾಯಿತು. ಅಲ್ಲಿಯವರೆಗೆ 'ಈ ಸಲ ಕಪ್ ನಮ್ದೇ' ಅಂದವರನ್ನು ಊರೆಲ್ಲ ನಕ್ಕು ಪ್ರೀತಿಸಿತು. ನಮಗೆ ಮಾತ್ರ ಬುದ್ಧಿವಾದ. ಸೋಲುತ್ತಲೇ ಬಂದವರು ಕಪ್ ಕೇಳಿದರೆ ಅದು ಭಕ್ತಿ, ಗೆದ್ದು ಬಂದವರು ಕೇಳಿದರೆ ದುರಾಸೆ. ಇದು ಯಾವ ನ್ಯಾಯ?

ಆಟಗಾರನ ಮನೆಯವರನ್ನು ಎಳೆದು ತಂದು ಬೈಯುವವರ ಪರ ನಾನಿಲ್ಲ. ಆ ಜನ ಗೆದ್ದಾಗಲೂ ಹಾಗೆಯೇ ಇರುತ್ತಾರೆ. ನನ್ನ ವಾದ ಇಷ್ಟೇ: 2018ರ ಮಾರ್ಚ್ 17ರಂದು, ಎಂಟು ಅಂಕಗಳ ಅಂತರದಿಂದ ಲೀಗ್ ಪಟ್ಟಿಯ ತುದಿಯಲ್ಲಿದ್ದ ನಮ್ಮ ತಂಡ ನಮ್ಮದೇ ಅಂಗಳದಲ್ಲಿ ಚೆನ್ನೈಯಿನ್‌ಗೆ 3–2ರಿಂದ ಫೈನಲ್ ಸೋತಿತು. ಅದರಲ್ಲಿ ಎರಡು ಗೋಲು ಕಾರ್ನರ್‌ನಿಂದ ಬಂದವು, ಎರಡಕ್ಕೂ ಒಬ್ಬನೇ ಮೈಲ್ಸನ್ ಆಲ್ವೆಸ್ ತಲೆ ಕೊಟ್ಟ. ಆಗ 'ಫೈನಲ್‌ವರೆಗೆ ಬಂದರಲ್ಲ' ಅಂದು ನಾವು ಸಮಾಧಾನಪಟ್ಟುಕೊಳ್ಳಲಿಲ್ಲ. 'ಕಾರ್ನರ್‌ನಲ್ಲಿ ಅವನನ್ನು ಯಾರು ಹಿಡಿದಿದ್ದರು?' ಅಂತ ಕೇಳಿದೆವು. ಸರಿಯಾಗಿ ಒಂದು ವರ್ಷಕ್ಕೆ, ಅದೇ ಮಾರ್ಚ್ 17ರಂದು, ಕಾರ್ನರ್‌ನಿಂದಲೇ ಕಪ್ ಬಂತು. ನಾವು ಕೇಳಿದ್ದಕ್ಕೇ ಬಂತು ಅನ್ನಲಾರೆ. ಕೇಳದೆ ಇದ್ದಿದ್ದರೆ ಬರುತ್ತಿತ್ತು ಅಂತ ನೀವೂ ಅನ್ನಲಾರಿರಿ.

ವಿರೋಧ: ಅಳತೆಗೋಲೇ ತಪ್ಪು

ಎರಡು 1–1ಗಳ ಕಥೆ ಚೆನ್ನಾಗಿದೆ. ಆದರೆ ಆ ಸಾಕ್ಷಿಯನ್ನು ನನ್ನ ಕಡೆಗೆ ಎಳೆದುಕೊಳ್ಳುತ್ತೇನೆ. ಗೆಳೆಯರು ತಾವೇ ಒಪ್ಪಿಕೊಂಡಂತೆ, ಮೊದಲ ಸಲ ಅವರು ಆಟ ನೋಡಿದರು. ಎರಡನೇ ಸಲ ಗಡಿಯಾರ ನೋಡಿದರು.

ಅವರು 2013ಕ್ಕೆ ಬಂದರು. ನಾನು ಅದಕ್ಕೂ ಮೊದಲೇ ಅದೇ ಅಶೋಕನಗರದ ಸ್ಟೇಡಿಯಂ ಮೆಟ್ಟಿಲು ಸವೆಸಿದವನು. ಆಗ ಊರಿನಿಂದ ಐ-ಲೀಗ್ ಆಡುತ್ತಿದ್ದುದು ಎಚ್ಎಎಲ್ ತಂಡ. ಕಾರ್ಖಾನೆಯ ಹುಡುಗರು. ನಾನು ಹೋದ ಪಂದ್ಯಗಳಲ್ಲಿ ಕೂಗುವವರಿಗಿಂತ ಕಡ್ಲೆಕಾಯಿ ಮಾರುವವರ ದನಿಯೇ ಜೋರಾಗಿ ಕೇಳುತ್ತಿತ್ತು. 2012ರಲ್ಲಿ ಆ ತಂಡ ಕೆಳದರ್ಜೆಗೆ ಇಳಿಯಿತು. ಇಳಿಕೆಯ ಭಯ ತಂಡವನ್ನು ಎಬ್ಬಿಸುತ್ತದೆ ಅನ್ನುತ್ತಾರಲ್ಲ, ಎಚ್ಎಎಲ್ ಏಳಲಿಲ್ಲ. ಯಾರೂ ಅಳಲೂ ಇಲ್ಲ.

ಅದರ ಮರುವರ್ಷ ಜೆಎಸ್‌ಡಬ್ಲ್ಯು ಹೊಸ ಕ್ಲಬ್ ಕಟ್ಟಿತು. ಕೆಳಗಿನ ದರ್ಜೆಯಿಂದ ಆಡಿ ಮೇಲೆ ಬಂದದ್ದಲ್ಲ, ನೇರ ಪ್ರವೇಶ. ಸಂಬಳ ಬಾಕಿ ಉಳಿಸಿಕೊಂಡ ಕ್ಲಬ್‌ಗಳಿಗೆ ಬರವಿಲ್ಲದ ಲೀಗಿಗೆ ಹೊತ್ತಿಗೆ ಸರಿಯಾಗಿ ಹಣ ಕೊಡುವ, ಆಷ್ಲಿ ವೆಸ್ಟ್‌ವುಡ್‌ನಂಥ ಇಂಗ್ಲಿಷ್ ಕೋಚ್‌ನನ್ನು ಕರೆತಂದ, ಊಟ ನಿದ್ದೆಗೂ ಲೆಕ್ಕ ಇಡುವ ತಂಡ ಬಂತು. ಜತೆಗೆ ಸುನಿಲ್ ಛೆಟ್ರಿ. ಗೆದ್ದದ್ದರಲ್ಲಿ ಅವರ ಶ್ರಮ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮಿಕ್ಕವರು ಬರಿಗಾಲಲ್ಲಿ ಓಡುವಾಗ ಬೂಟು ಹಾಕಿಕೊಂಡು ಓಡಿದ ವೇಗ ಅದು. ಐಎಸ್ಎಲ್‌ಗೆ ಬಂದ ಮೇಲೆ ಎಲ್ಲರ ಕಾಲಲ್ಲೂ ಬೂಟು. 2019ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಒಡೆಯರು ಮುಂಬೈ ತಂಡ ಕೊಂಡರು. ಮರುವರ್ಷ ಮೋಹನ್ ಬಾಗಾನ್ ಜತೆ ಗೋಯೆಂಕಾ ಅವರ ಎಟಿಕೆ ಸೇರಿತು. ಆ ಮೊದಲ ಆರು ವರ್ಷಗಳನ್ನೇ ಅಳತೆಗೋಲು ಮಾಡಿಕೊಂಡರೆ ಮುಂದಿನದೆಲ್ಲ ಕುಳ್ಳಾಗಿಯೇ ಕಾಣುತ್ತದೆ.

ಲೆಸ್ಟರ್ ಸಿಟಿಯ ಕಥೆ ಎಲ್ಲರಿಗೂ ಗೊತ್ತು. ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂತ ಬಾಜಿಯವರು ನಗುತ್ತಿದ್ದಾಗ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ತಂಡ. ಗೆಲ್ಲಿಸಿದ ಕೋಚ್ ಕ್ಲಾಡಿಯೊ ರನಿಯೇರಿಯನ್ನು 2017ರ ಫೆಬ್ರವರಿಯಲ್ಲಿ ತೆಗೆದುಹಾಕಿದರು, ಹತ್ತು ತಿಂಗಳೂ ತುಂಬಿರಲಿಲ್ಲ. ತೆಗೆದದ್ದು ಮಾಲೀಕರು, ಅಭಿಮಾನಿಗಳಲ್ಲ, ಅದನ್ನು ಹೇಳಲೇಬೇಕು. ಆದರೆ ಗೆದ್ದ ಮರುಗಳಿಗೆಯಲ್ಲೇ ಹಳೆಯ ಅಳತೆ ಸಾಲದಾಗುವ ಈ ಕಾಯಿಲೆ ಮಾಲೀಕನ ಕೋಣೆಯಿಂದ ಗ್ಯಾಲರಿಗೂ, ಗ್ಯಾಲರಿಯಿಂದ ಕೋಣೆಗೂ ಹಬ್ಬುತ್ತದೆ.

ಕಪ್ಪೊಂದೇ ಲೆಕ್ಕ ಅಂದುಕೊಂಡಾಗ ಏನೇನು ಕಳೆದುಹೋಗುತ್ತದೆ ನೋಡಿ. 2025ರ ಮಾರ್ಚ್ 29ರಂದು ಹಾಲಿ ಚಾಂಪಿಯನ್ ಮುಂಬೈ ಸಿಟಿಗೆ ಕಂಠೀರವದಲ್ಲಿ 5–0. ನಂತರ ಗೋವಾ ವಿರುದ್ಧದ ಸೆಮಿಫೈನಲ್. ಇಲ್ಲಿ 2–0ರಿಂದ ಗೆದ್ದು ಹೋದ ತಂಡ ಫಟೋರ್ಡಾದಲ್ಲಿ ಎರಡು ಗೋಲು ಬಿಟ್ಟುಕೊಟ್ಟಿತ್ತು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೊರಳುವ ಹೊತ್ತಿನಲ್ಲಿ, ಗಾಯದ ಅವಧಿಯಲ್ಲಿ, ನಲವತ್ತು ವಯಸ್ಸಿನ ಛೆಟ್ರಿ ತಲೆಯಿಂದ ಚೆಂಡನ್ನು ಒಳಗೆ ಕಳಿಸಿದ. ಅರವತ್ತು ದಾಟಿದ ನಾನು ಮನೆಯಲ್ಲಿ ಟಿವಿ ಮುಂದೆ ಎಗರಿ ಮೊಣಕಾಲು ಉಳುಕಿಸಿಕೊಂಡೆ. ಹದಿನೈದು ದಿನದೊಳಗೆ ನಡೆದ ಈ ಎರಡನ್ನೂ ಗೆಳೆಯರ ಲೆಕ್ಕದ ಪುಸ್ತಕ 'ಈ ವರ್ಷವೂ ಹೋಯಿತು' ಅಂತ ಒಂದೇ ಸಾಲಿನಲ್ಲಿ ಮುಚ್ಚಿಬಿಟ್ಟಿತು.

ಇನ್ನೂ ಒಂದಿದೆ. ಆ ಋತುವಿನ ಮೊದಲ ಪಂದ್ಯ, ಈಸ್ಟ್ ಬೆಂಗಾಲ್ ವಿರುದ್ಧ. ವಿನೀತ್ ವೆಂಕಟೇಶ್, ನಮ್ಮೂರಿನ ಹುಡುಗ, ಇನ್ನೂ ಹತ್ತೊಂಬತ್ತು. ಅವನ ಗೋಲಿನಿಂದಲೇ 1–0. ಇಂಥ ಹುಡುಗ ಹದವಾಗಲು ಎರಡು ಮೂರು ವರ್ಷ ಬೇಕು, ನಡುವೆ ಹತ್ತು ಪಂದ್ಯ ಕೆಡಿಸುವ ಸ್ವಾತಂತ್ರ್ಯವೂ ಬೇಕು. ಪ್ರತಿ ವಾರ ಗೆಲ್ಲಲೇಬೇಕಾದ ಕೋಚ್ ಅಷ್ಟು ಕಾಯುತ್ತಾನೆಯೇ? ಗೊತ್ತಿರುವ ಕಾಲಿಗೇ ಚೆಂಡು ಕೊಡುತ್ತಾನೆ. ಆ ವರ್ಷ ಛೆಟ್ರಿ 14 ಗೋಲು ಹೊಡೆದ. ಅವನಿಗೆ ಕೈಮುಗಿಯುತ್ತೇನೆ. ಆದರೆ ನಲವತ್ತರ ಮನುಷ್ಯ ಒಂದು ಕ್ಲಬ್ಬಿನ, ಒಂದು ದೇಶದ ಭಾರ ಹೊರುತ್ತಿದ್ದುದು ಸಂಭ್ರಮಿಸುವ ಸಂಗತಿಯಷ್ಟೇ ನಾಚಿಕೆಯದೂ ಹೌದು. ಆ ನಾಚಿಕೆಯಲ್ಲಿ ನಮ್ಮ ಅವಸರದ ಪಾಲೂ ಇದೆ.

ಖಾಲಿ ಕುರ್ಚಿಯೇ ನಮ್ಮ ಅಸ್ತ್ರ ಅನ್ನುವ ವಾದಕ್ಕೆ 2025ರ ಆಗಸ್ಟ್ ಉತ್ತರ ಕೊಟ್ಟಿತು. ಲೀಗ್ ನಡೆಸುವ ಒಪ್ಪಂದ ಮುಂದುವರಿಯುವುದೋ ಇಲ್ಲವೋ ತಿಳಿಯದೆ ಐಎಸ್ಎಲ್ ತೂಗುಯ್ಯಾಲೆಯಲ್ಲಿ ನಿಂತಿತ್ತು. ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತಿರುವುದಾಗಿ ಬೆಂಗಳೂರು ಎಫ್‌ಸಿ ಪ್ರಕಟಿಸಿತು. ಹೊತ್ತಿಗೆ ಸರಿಯಾಗಿ ಸಂಬಳ ಕೊಡುತ್ತದೆ ಅನ್ನುವುದೇ ಹೆಚ್ಚುಗಾರಿಕೆಯಾಗಿದ್ದ ಅದೇ ಕ್ಲಬ್. ಏಪ್ರಿಲ್‌ನಲ್ಲಿ ಕಪ್ ಬರಲಿಲ್ಲ ಅಂತ ಮುನಿಸಿಕೊಂಡಿದ್ದವರು ಆಗಸ್ಟ್‌ನಲ್ಲಿ ಪಂದ್ಯವೊಂದು ನಡೆದರೆ ಸಾಕಪ್ಪ ಅನ್ನುತ್ತಿದ್ದರು. ನಿರೀಕ್ಷೆ ಎಷ್ಟು ಬೇಗ ಏರುತ್ತದೋ ಅಷ್ಟೇ ಬೇಗ ನೆಲಕ್ಕೂ ಇಳಿಯುತ್ತದೆ ಅಂತ ಗೆಳೆಯರೂ ನೋಡಿದರಲ್ಲ.

ಹಲಸೂರಿನ ಹತ್ತಿರ ಗೌತಮಪುರ ಅಂತ ಒಂದು ಕೇರಿ ಇದೆ, ಪೆಲೆಯ ಪ್ರತಿಮೆ ಇಟ್ಟುಕೊಂಡ ಕೇರಿ. ಅಲ್ಲಿ, ಆಸ್ಟಿನ್ ಟೌನಿನಲ್ಲಿ, ಮರ್ಫಿ ಟೌನಿನಲ್ಲಿ ಹುಡುಗರು ಮಣ್ಣಿನಲ್ಲಿ ಆಡಿ ಬೆಳೆದದ್ದು ಕಪ್ಪಿನ ಲೆಕ್ಕ ಹಾಕಿ ಅಲ್ಲ. ಈ ಊರಿನ ಫುಟ್‌ಬಾಲ್ 2013ಕ್ಕೆ ಹುಟ್ಟಿದ್ದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ರೋವರ್ಸ್ ಕಪ್ ತಂದಿತ್ತು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968–69ರಲ್ಲಿ.

2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಛೆಟ್ರಿ, ಕೇರಳ ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದ. ಅವರ ತಂಡ ಮೈದಾನ ಬಿಟ್ಟು ನಡೆಯಿತು. ನಿಮಗೆಲ್ಲ ನೆನಪಿದೆ. ನಮ್ಮ ಗ್ಯಾಲರಿಯವರ ವಾಟ್ಸ್‌ಆಪ್ ಗುಂಪಿನಲ್ಲಿ ರಾತ್ರಿಯಿಡೀ, ಮರುದಿನವೂ ಅದೇ ಜಗಳ: ಸೀಟಿ ಊದಬೇಕಿತ್ತೇ, ಬೇಡವಿತ್ತೇ. ಆ ಮರುದಿನ ರಾತ್ರಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ನನಗೆ ಕಣ್ಣು ತುಂಬಿ ಬಂತು. ಕೈ ನಡುಗುತ್ತಲೇ ಗುಂಪಿನಲ್ಲಿ ಬರೆದೆ: 'ಗೆದ್ದುಬಿಟ್ಟೆವು ಕಣ್ರಪ್ಪಾ, ಕಪ್ ಬಂತು!'

ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಕೇಳಿದ: 'ಯಾವ ಕಪ್ ಅಂಕಲ್?'