ಮೀಸೆಯ ತಾಯಿಯ ನಾಡಿನಲ್ಲಿ

ವಡೋದರೆಯ ಮಾಂಟೆಸ್ಸೊರಿ ಶಾಲೆಯೊಂದಕ್ಕೆ ಮಗಳನ್ನು ಸೇರಿಸಿದ ತಿಂಗಳಲ್ಲೇ ಶಿಕ್ಷಕಿ ನಮ್ಮನ್ನು ಕರೆಸಿ, 'ಮಗು ಮಾತೇ ಆಡುತ್ತಿಲ್ಲ, ಮನೆಯಲ್ಲಿ ಕನ್ನಡ ನಿಲ್ಲಿಸಿ' ಎಂದರು. (ಕೆಟ್ಟವರಲ್ಲ, ಮಗಳ ಜಡೆಯನ್ನು ನನಗಿಂತ ಅಂದವಾಗಿ ಹೆಣೆಯುತ್ತಿದ್ದರು.) ನಾವು ತಲೆಯಾಡಿಸಿ ಬಂದೆವು. ಅಹಮದಾಬಾದು, ಸೂರತ್ತುಗಳ ನಮ್ಮ ಮಿತ್ರರೂ ಇದೇ ಉಪದೇಶ ಕೇಳಿದವರೇ.

1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದು, ಮಾಂಟೆಸ್ಸೊರಿ ಪದ್ಧತಿಯನ್ನು ಗುಜರಾತಿ ಕಥೆ, ಹಾಡುಗಳಲ್ಲಿ ಬೇರೂರಿಸಿದ ಗಿಜುಭಾಯಿ ಬಧೇಕಾ ಅವರನ್ನು ಇಲ್ಲಿನ ಜನ 'ಮೀಸೆಯ ತಾಯಿ' ಎಂದೇ ಕರೆದರು. ಅಂಥವರ ನಾಡಿನ ಶಾಲೆ ಮಗುವಿನ ಮನೆಮಾತಿಗೆ ಅಂಜುವುದೇ? ಅನ್ನ ನೀಡಿದ ನೆಲದ ಗುಜರಾತಿಯನ್ನು ಕಲಿಯಲೇಬೇಕು. ಅದಕ್ಕಾಗಿ ಕನ್ನಡ ಬಲಿಯಾಗಬೇಕಿಲ್ಲ.

ಮೊದಲ ತಪ್ಪು ನಮ್ಮದೇ. ಮೂರು ವಾರ ಅಜ್ಜಿ ಮೊಮ್ಮಗಳೆದುರು ಮೂಕರಾಗಿ ಕುಳಿತರು. ನಾಲ್ಕನೆಯ ವಾರ ನಾನೇ ಶಾಲೆಗೆ ಹೋಗಿ, ನಮ್ಮ ಮನೆಯಲ್ಲಿ ಕನ್ನಡವೇ ಎಂದು ತಿಳಿಸಿ ಬಂದೆ.