ಕೈಯಲ್ಲಿ ಹಿಡಿದಾಡುವ ಆಟದ ಯಂತ್ರ: ಕೊಳ್ಳಬಹುದೆ?

ಪಿರಿಯಾಪಟ್ಟಣದ ಕಡೆಯ ಗೃಹಸ್ಥರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಹೊಗೆಸೊಪ್ಪಿನ ಹರಾಜಿನ ಹಣ ಕೈಸೇರಿದೆ. ಪಿ.ಯು.ಸಿ. ಓದುತ್ತಿರುವ ಮಗನು ‘ನಿಂಟೆಂಡೊ ಸ್ವಿಚ್ 2’ ಎಂಬ ಹೊಸ ಯಂತ್ರವನ್ನು ಕೊಡಿಸಬೇಕೆಂದು ಹಟ ಹಿಡಿದಿದ್ದಾನೆ. ತಂಗಿಯೂ ಅಣ್ಣನ ಪಕ್ಷವೇ. ‘ಬೇಡವೆಂದರೆ ಮೊಬೈಲಿನಲ್ಲಿ ಆಡುತ್ತೇನೆ ಎನ್ನುತ್ತಾನೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡಿ ಮನೆಗೆ ಸಾಲ ತಂದ ಹುಡುಗನೊಬ್ಬನನ್ನು ನಮ್ಮೂರಿನಲ್ಲಿಯೇ ಕಂಡಿದ್ದೇನೆ. ಈ ಎರಡರಲ್ಲಿ ಯಾವುದು ಕಡಿಮೆ ಕೇಡು, ದಯವಿಟ್ಟು ತಿಳಿಸಬೇಕು’ ಎಂಬುದು ಪತ್ರದ ಸಾರ.

ಇದು ಒಂದೇ ಮನೆಯ ಪ್ರಶ್ನೆಯಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪಿನ ಹಣವೂ ಕೃಷ್ಣರಾಜನಗರದಲ್ಲಿ ಭತ್ತದ ಹಣವೂ ತಿಂಗಳ ಸಂಬಳದಂತೆ ಬರತಕ್ಕುವಲ್ಲ; ಬಂದಾಗ ಗಂಟಾಗಿ ಬರುವುವು. ಗಂಟು ಮನೆಯಲ್ಲಿರುವಾಗ ನಲವತ್ತು ಸಾವಿರ ರೂಪಾಯಿ ಚಿಕ್ಕ ಮೊತ್ತವಾಗಿ ತೋರುತ್ತದೆ. ಬ್ಯಾರನ್ನಿಗೆ ಸೌದೆ ಕೊಳ್ಳುವ ಕಾಲಕ್ಕೆ ಅದೇ ಮೊತ್ತ ಬೆಟ್ಟವಾಗುತ್ತದೆ. ಆದುದರಿಂದ ಸಾವಧಾನವಾಗಿ ವಿಚಾರಿಸುವುದು ಒಳ್ಳೆಯದು.

ಮೊದಲು ಕೇಡಿನ ಮಾತು. ನಮ್ಮ ಹಿರಿಯರು ಕ್ರೀಡೆಯನ್ನೂ ದ್ಯೂತವನ್ನೂ ಬೇರೆಬೇರೆಯಾಗಿಯೇ ಎಣಿಸಿದರು. ಪಣವಿದ್ದಲ್ಲಿ ದ್ಯೂತ, ಪಣವಿಲ್ಲದಲ್ಲಿ ವಿನೋದ. ಜೂಜಾಡಿ ಮನೆ ಕಳೆದುಕೊಂಡವನ ಅಳಲು ಋಗ್ವೇದದ ಹತ್ತನೆಯ ಮಂಡಲದಷ್ಟು ಹಳೆಯದು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ನಿಮ್ಮ ಮಗನು ಬಯಸುವ ಯಂತ್ರ ಆ ಜಾತಿಯದಲ್ಲ. ಅದರ ಆಟಗಳನ್ನು ಬಹುಮಟ್ಟಿಗೆ ಪುಸ್ತಕ ಕೊಂಡಂತೆ ಒಮ್ಮೆ ಬೆಲೆ ಕೊಟ್ಟು ಕೊಳ್ಳುವುದು. ಗೆದ್ದರೆ ಲಾಭವಿಲ್ಲ, ಸೋತರೆ ನಷ್ಟವಿಲ್ಲ. ಮೊಬೈಲಿನಲ್ಲಿ ಉಚಿತವೆಂದು ದೊರೆಯುವ ಅನೇಕ ಆಟಗಳಾದರೋ ಹತ್ತು, ಐವತ್ತು, ನೂರೆಂದು ಆಡುವವನ ಕೈಯಿಂದ ಬಿಡಿಬಿಡಿಯಾಗಿ ಹಣ ಕೀಳುವುವು. ಆದುದರಿಂದ ಯಂತ್ರವನ್ನು ದುರ್ವ್ಯಸನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆಟಕ್ಕಾಗಿ ಬುದ್ಧಿಯನ್ನು ವೆಚ್ಚಮಾಡುವುದು ಹೀನವೆಂದು ಮೈಸೂರಿನವರು ಹೇಳುವಂತೆಯೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ಆಡಳಿತ ಕೈತಪ್ಪಿದ ಮೇಲೆ, ಚದುರಂಗದ ಸಮಸ್ಯೆಗಳನ್ನೂ ಹೊಸ ಹೊಸ ಗಂಜೀಫಾ ಎಲೆಗಳ ಆಟಗಳನ್ನೂ ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಭಾಗವೇ ಆಟಗಳಿಗೆ ಮೀಸಲು. ಈಗ ನಾವು ವಿಚಾರಿಸುತ್ತಿರುವ ನಿಂಟೆಂಡೊ ಸಂಸ್ಥೆಯೂ 1889ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರಗಳ ಆಟದ ಎಲೆಗಳನ್ನು ಮಾಡುವ ಅಂಗಡಿಯಾಗಿಯೇ ಹುಟ್ಟಿತು.

ಆ ಸಂಸ್ಥೆಯ ಚರಿತ್ರೆಯಲ್ಲಿ ಕೊಳ್ಳುವವನು ನೆನಪಿಡತಕ್ಕ ಒಂದು ಸಂಗತಿಯಿದೆ. 1989ರಲ್ಲಿ ಅದು ‘ಗೇಮ್ ಬಾಯ್’ ಎಂಬ ಕೈಯಂತ್ರವನ್ನು ಹೊರತಂದಿತು. ಅದರ ಪರದೆಗೆ ಬಣ್ಣವಿರಲಿಲ್ಲ, ಬೆಳಕೂ ಇರಲಿಲ್ಲ. ಅದೇ ವರ್ಷ ಅಟಾರಿ ಸಂಸ್ಥೆಯ ‘ಲಿಂಕ್ಸ್’ ಎಂಬ ಯಂತ್ರ ಬಣ್ಣದ ಪರದೆಯೊಡನೆ ಬಂದಿತು. ಅದರ ಬೆಲೆ ಸುಮಾರು ಇಮ್ಮಡಿ, ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಅದಕ್ಕಿಂತ ಬಹುಕಾಲ ನಡೆಯುತ್ತಿತ್ತು. ಅದಕ್ಕೆ ‘ಟೆಟ್ರಿಸ್’ನಂತಹ ಸರಳವೂ ಗಂಭೀರವೂ ಆದ ಆಟವಿತ್ತು. ಲೋಕವು ಗೇಮ್ ಬಾಯನ್ನೇ ಮೆಚ್ಚಿತು. ನಮ್ಮ ಪೇಟೆಗಳಲ್ಲಿಯೂ 1990ರ ದಶಕದಲ್ಲಿ ಟೆಟ್ರಿಸ್ಸನ್ನು ಅನುಕರಿಸಿದ ಅಗ್ಗದ ‘ಬ್ರಿಕ್ ಗೇಮ್’ ಮಕ್ಕಳ ಕೈಕೈಯಲ್ಲಿತ್ತು. ಯಂತ್ರದ ಯೋಗ್ಯತೆ ಪರದೆಯ ಥಳಕಿನಲ್ಲಿಲ್ಲ. ಎಂತಹ ಆಟ, ಎಷ್ಟು ಕಾಲ, ಯಾವ ವೆಚ್ಚದಲ್ಲಿ ನಡೆಯುವುದು ಎಂಬುದರಲ್ಲಿದೆ.

ಈ ಅಳತೆಗೋಲಿನಿಂದ ಹೊಸ ಯಂತ್ರವನ್ನು ನೋಡೋಣ. ಸ್ವಿಚ್ 2 ಬಿಡುಗಡೆಯಾದುದು 2025ರ ಜೂನ್ 5ರಂದು. ಆಗ ಅಮೆರಿಕದಲ್ಲಿ ಅದರ ಬೆಲೆ 449.99 ಡಾಲರು, ಎಂದರೆ ಸುಮಾರು 40,000 ರೂಪಾಯಿ. ‘ಮಾರಿಯೊ ಕಾರ್ಟ್ ವರ್ಲ್ಡ್’ ಎಂಬ ಒಂದು ಆಟಕ್ಕೇ 79.99 ಡಾಲರು, ಸುಮಾರು 7,000 ರೂಪಾಯಿ. ದೂರದ ಗೆಳೆಯರೊಡನೆ ಆಡುವುದಾದರೆ ವರ್ಷಕ್ಕೆ 19.99 ಡಾಲರು ಚಂದಾ. ಯಂತ್ರ, ಅಂತಹ ಎರಡು ಆಟ, ಒಂದು ವರ್ಷದ ಚಂದಾ ಸೇರಿಸಿದರೆ ಸುಮಾರು 56,000 ರೂಪಾಯಿ ಆಯಿತು. ಸುಂಕವೂ ವರ್ತಕನ ಲಾಭವೂ ಇದರಲ್ಲಿ ಸೇರಿಲ್ಲ.

ಎರಡನೆಯದು ರಿಪೇರಿಯ ಪ್ರಶ್ನೆ. ಬಿಡುಗಡೆಯ ಕಾಲದಲ್ಲಿ ಸಂಸ್ಥೆಯು ಈ ಯಂತ್ರವನ್ನು ಭಾರತದಲ್ಲಿ ಅಧಿಕೃತವಾಗಿ ಮಾರಲಿಲ್ಲ. ಇಲ್ಲಿ ದೊರೆತದ್ದು ಹೊರದೇಶದಿಂದ ತರಿಸಿದ ಸರಕು. ಅಂತಹದು ಕೆಟ್ಟರೆ ಹೊಣೆ ಹೊರುವವರು ಯಾರೆಂಬುದನ್ನು ಹಣ ಕೊಡುವ ಮೊದಲೇ ಅಂಗಡಿಯವನಿಂದ ಬರೆಯಿಸಿಕೊಳ್ಳಬೇಕು. ಈ ದೇಶದಲ್ಲಿಯೇ ಅಧಿಕೃತವಾಗಿ ಮಾರಾಟವಾದ ಆಸುಸ್ ಸಂಸ್ಥೆಯ ‘ರಾಗ್ ಅಲೈ’ಯಂತಹ ಯಂತ್ರಗಳೂ ಇವೆ, ಆದರೆ 2023ರಲ್ಲಿ ಅದರ ಬೆಲೆ 69,990 ರೂಪಾಯಿಯಾಗಿತ್ತು.

ಮೂರನೆಯದು ಸ್ವಾಮ್ಯದ ಪ್ರಶ್ನೆ. ಬಹುಮಂದಿ ಇದನ್ನು ಗಮನಿಸುವುದಿಲ್ಲ. ಹಿಂದೆ ಆಟದ ಕಾರ್ಡಿನೊಳಗೆ ಆಟವೇ ಇರುತ್ತಿತ್ತು. ಸ್ವಿಚ್ 2ರ ಅನೇಕ ಕಾರ್ಡುಗಳೊಳಗೆ ಇರುವುದು ಬೀಗದ ಕೈ ಮಾತ್ರ. ಆಟವನ್ನು ಇಂಟರ್ನೆಟ್ಟಿನ ಮೂಲಕ ಇಳಿಸಿಕೊಳ್ಳಬೇಕು. ಮೈಸೂರಿನಲ್ಲಿ ಇದು ರಾತ್ರಿ ಕಳೆಯುವುದರೊಳಗೆ ಆಗುವ ಕೆಲಸ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಫೋನಿನ ಮಾತೇ ಅರ್ಧದಲ್ಲಿ ತುಂಡಾಗುವ ಊರುಗಳಲ್ಲಿ, ಕಾರ್ಡು ಕೈಯಲ್ಲಿದ್ದೂ ಆಟವಿಲ್ಲವೆಂದಾದೀತು. ಪೆಟ್ಟಿಗೆಯ ಮೇಲೆ ಈ ವಿಷಯ ಅಚ್ಚಾಗಿರುತ್ತದೆ, ಓದಿ ಕೊಳ್ಳಬೇಕು. ಆಟಗಳನ್ನು ತುಂಬಿಡಲು ಹೆಚ್ಚಿನ ಜಾಗ ಬೇಕಾದರೆ ‘ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್’ ಎಂಬ ಹೊಸ ಬಗೆಯ ಮೆಮೊರಿ ಕಾರ್ಡೇ ಆಗಬೇಕು. ಫೋನಿನ ಹಳೆಯ ಕಾರ್ಡು ನಡೆಯದು. ಬ್ಯಾಟರಿ ಆಟವನ್ನನುಸರಿಸಿ ಎರಡರಿಂದ ಆರೂವರೆ ಗಂಟೆ ನಿಲ್ಲುವುದೆಂದು ತಯಾರಕರೇ ಹೇಳುತ್ತಾರೆ.

ಗುಣಗಳನ್ನೂ ಹೇಳಬೇಕು. ಇದರ ಎರಡು ಹಿಡಿಗಳನ್ನು ಬಿಡಿಸಿ ಅಣ್ಣನಿಗೊಂದು ತಂಗಿಗೊಂದು ಕೊಡಬಹುದು. ಟೆಲಿವಿಷನ್ನಿಗೆ ಜೋಡಿಸಿದರೆ ಇಡೀ ಮನೆ ಕುಳಿತು ನೋಡಬಹುದು, ಆಡಬಹುದು. ದಿನಕ್ಕೆ ಎಷ್ಟು ಹೊತ್ತು ಆಡಬೇಕೆಂಬ ಮಿತಿಯನ್ನು ತಂದೆ ತಾಯಿಗಳು ತಮ್ಮ ಫೋನಿನಿಂದಲೇ ಗೊತ್ತುಮಾಡಬಹುದು. ಹಳೆಯ ಸ್ವಿಚ್ಚಿನ ಆಟಗಳಲ್ಲಿ ಬಹುಪಾಲು ಇದರಲ್ಲಿ ನಡೆಯುವುವು. ಒಬ್ಬನೇ ಮೂಲೆಯಲ್ಲಿ ಕುಳಿತು ಫೋನು ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಚೌಕಾಬಾರದ ಮನೆಗಳ ಸುತ್ತ ಕವಡೆ ಹಿಡಿದು ಕುಳಿತವರಿಗೆ ದೊರೆಯುತ್ತಿದ್ದ ಸುಖವೂ ಜೊತೆಗೂಡಿ ಆಡುವುದರದೇ ಅಲ್ಲವೆ?

ಆದರೆ ಗಮನಿಸಿರಿ: ಹಿಡಿ ಬಿಡಿಸುವುದು, ಟೆಲಿವಿಷನ್ನಿಗೆ ಜೋಡಿಸುವುದು, ಕಾಲದ ಮಿತಿ ಇಡುವುದು, ಈ ಮೂರು ಗುಣಗಳೂ 2017ರಲ್ಲಿ ಬಂದ ಮೊದಲನೆಯ ಸ್ವಿಚ್ಚಿನಲ್ಲಿಯೂ ಇವೆ. ಹೊಸದರಲ್ಲಿ ಹೆಚ್ಚಾದುದು ವೇಗ, ಪರದೆಯ ಗಾತ್ರ, ಚಿತ್ರದ ಸ್ಪಷ್ಟತೆ, ಮತ್ತು ಅದಕ್ಕೆಂದೇ ಮಾಡಿದ ಆಟಗಳು. ಮನೆಗೆ ಬೇಕಾದ ಗುಣ ಹಳೆಯದರಲ್ಲಿಯೇ ಇರುವಾಗ ಹೊಸದಕ್ಕಾಗಿ ಸಾಲ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. 2019ರ ‘ಸ್ವಿಚ್ ಲೈಟ್’ ಎಂಬುದು ಮಾತ್ರ ಬೇಡ. ಅದರ ಹಿಡಿಗಳು ಬಿಡಿಸಲು ಬಾರವು, ಟೆಲಿವಿಷನ್ನಿಗೂ ಜೋಡಣೆಯಾಗದು. ಇಬ್ಬರು ಮಕ್ಕಳ ಮನೆಯಲ್ಲಿ ಅದು ಜಗಳಕ್ಕೆ ಬೀಜ.

ಇನ್ನು ಮಹಾಶಯರಿಗೆ ನೇರವಾದ ಉತ್ತರ. ಹಣ ಕಟ್ಟುವ ಆಟಕ್ಕಿಂತ ಈ ಯಂತ್ರ ಖಂಡಿತವಾಗಿ ಕಡಿಮೆ ಕೇಡು. ಆದರೆ ‘ಕೊಡಿಸದಿದ್ದರೆ ಮೊಬೈಲು’ ಎಂಬ ಬೆದರಿಕೆಗೆ ಮಣಿದು ಕೊಳ್ಳಬೇಡಿರಿ. ಹಾಗೆ ಕೊಂಡರೆ ಮುಂದಿನ ಹರಾಜಿನ ಹಣಕ್ಕೂ ಹೊಸ ಬೆದರಿಕೆ ಹುಟ್ಟುವುದು. ಬ್ಯಾಂಕಿನ ಬಾಕಿ, ಬರುವ ಬೆಳೆಯ ಖರ್ಚು, ಮಕ್ಕಳಿಬ್ಬರ ಕಾಲೇಜಿನ ಶುಲ್ಕ, ಇವನ್ನು ಮೊದಲು ತೆಗೆದಿಡಿರಿ. ಉಳಿದುದರಲ್ಲಿ 56,000 ರೂಪಾಯಿ ಹೋದರೂ ಮನೆ ಅಲುಗದು ಎನ್ನುವಂತಿದ್ದರೆ ಹೊಸದನ್ನೇ ಕೊಡಿಸಬಹುದು, ದೋಷವಿಲ್ಲ. ಅಲುಗುವುದಾದರೆ ಮೊದಲನೆಯ ಸ್ವಿಚ್ಚನ್ನು, ಸಾಧ್ಯವಾದರೆ ಯಾರಾದರೂ ಬಳಸಿದುದನ್ನು, ಹಿಡಿಗಳನ್ನೂ ಬ್ಯಾಟರಿಯನ್ನೂ ಪರೀಕ್ಷಿಸಿ ಕೊಳ್ಳಿರಿ. ಅದಕ್ಕೂ ಎಡೆಯಿಲ್ಲದಿದ್ದರೆ ಇಲ್ಲವೆಂದು ಸ್ಪಷ್ಟವಾಗಿ ಹೇಳಿರಿ, ಕಾರಣವನ್ನೂ ಹೇಳಿರಿ.

ಕಾರಣ ಹೇಳುವುದಕ್ಕೆ ಮಗನನ್ನು ಲೆಕ್ಕದ ಪುಸ್ತಕದ ಮುಂದೆ ಕೂರಿಸಿಕೊಳ್ಳುವುದೇ ಒಳ್ಳೆಯ ಉಪಾಯ. ಹರಾಜಿನಲ್ಲಿ ಬಂದುದೆಷ್ಟು, ಸೌದೆಗೆ, ಗೊಬ್ಬರಕ್ಕೆ, ಕೂಲಿಗೆ ಹೋದುದೆಷ್ಟು ಎಂಬುದನ್ನು ಅವನೇ ಬರೆಯಲಿ. ಅದರ ಕೆಳಗೆ ಯಂತ್ರದ ಬೆಲೆಯನ್ನೂ ಆಟಗಳ ಬೆಲೆಯನ್ನೂ ಬರೆಯಲಿ. ಪಿ.ಯು.ಸಿ.ಗೆ ಬಂದ ಹುಡುಗನಿಗೆ ಮನೆಯ ಲೆಕ್ಕವನ್ನು ಮುಚ್ಚಿಡಬೇಕಾದುದಿಲ್ಲ. ತಂಗಿಯೂ ಪಕ್ಕದಲ್ಲಿ ಕುಳಿತು ನೋಡಲಿ. ಯಂತ್ರವನ್ನು ಕೇಳಿದವರಲ್ಲಿ ಅವಳೂ ಒಬ್ಬಳು.