ಗೋದಾಮಿನ ಬಂಡಿಯೂ ಬ್ಯಾಟರಿಯ ಕೋಣೆಯೂ

ಕಾಚಿಗೂಡದ ರೈಲು ನಿಲ್ದಾಣವು 1916ರಲ್ಲಿ, ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ, ಗುಮ್ಮಟಗಳಿಂದಲೂ ಕಮಾನುಗಳಿಂದಲೂ ಶೋಭಿಸುವ ಕಟ್ಟಡವಾಗಿ ತಲೆಯೆತ್ತಿತು. ಅಂದಿನಿಂದ ಇಂದಿನವರೆಗೆ ಅಲ್ಲಿನ ಮೀಟರ್ ಗೇಜಿನ ಹಳಿಗಳು ಬ್ರಾಡ್ ಗೇಜಾದವು. ಉಗಿಯ ಎಂಜಿನು ಡೀಸೆಲ್ಲಿಗೂ ಡೀಸೆಲ್ಲು ವಿದ್ಯುತ್ತಿಗೂ ಸ್ಥಾನವನ್ನು ಬಿಟ್ಟುಕೊಟ್ಟವು. 2023ರ ಸೆಪ್ಟೆಂಬರಿನಿಂದ ಇಲ್ಲಿಂದ ಯಶವಂತಪುರಕ್ಕೆ ವಂದೇ ಭಾರತ್ ರೈಲು ಸಂಚರಿಸುತ್ತಿದೆ. ಇಷ್ಟೆಲ್ಲ ಪರಿವರ್ತನೆಗಳ ನಡುವೆಯೂ, ರೈಲಿನ ಡಬ್ಬಿಯಿಂದ ಗಂಟುಮೂಟೆಗಳನ್ನು ಇಳಿಸಿ, ಲಾರಿಗೆ ಏರಿಸಿ, ಬೇಗಂ ಬಜಾರಿನ, ಉಸ್ಮಾನಗಂಜಿನ, ಮಲಕಪೇಟೆಯ ಗೋದಾಮುಗಳೊಳಗೆ ಆಳೆತ್ತರಕ್ಕೆ ಒಟ್ಟುವ ಕಾರ್ಯವು ಮಾತ್ರ ಬಹುಮಟ್ಟಿಗೆ ಮನುಷ್ಯನ ಬೆನ್ನಿನ ಮೇಲೆಯೇ ನಡೆದುಬರುತ್ತಿದೆ. ಆ ಬೆನ್ನುಗಳಲ್ಲಿ ನಮ್ಮ ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಯ ಬೆನ್ನುಗಳೂ ಇವೆಯೆಂಬುದನ್ನು, ಕರ್ನಾಟಕ ಸಾಹಿತ್ಯ ಮಂದಿರದ ಸಭೆಗಳಿಗೆಂದೋ ನೃಪತುಂಗ ಶಾಲೆಯ ಉತ್ಸವಗಳಿಗೆಂದೋ ಕಾಚಿಗೂಡಕ್ಕೆ ಬಂದುಹೋಗುವ ಕನ್ನಡಿಗರಾದ ನಾವು ಮರೆಯತಕ್ಕದ್ದಲ್ಲ. 1956ರವರೆಗೆ ಆ ಸೀಮೆಗೆ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯದ ಗಡಿ ಸರಿದರೂ ದುಡಿಮೆಯನ್ನರಸಿ ಬರುವ ದಾರಿ ಸರಿಯಲಿಲ್ಲ.

ಆ ಬೆನ್ನಿನ ಭಾರವನ್ನು ಇಳಿಸತಕ್ಕ ಯಂತ್ರವು ನಮಗೆ ಅಪರಿಚಿತವೇನೂ ಅಲ್ಲ. ಸರಕನ್ನು ಹೊತ್ತ ಮರದ ಹಲಗೆಯ ಅಡಿಗೆ ಎರಡು ಉಕ್ಕಿನ ಕವಲುಗಳನ್ನು ತೂರಿಸಿ, ಅದನ್ನು ಎತ್ತಿ, ಒಯ್ದು, ಅಟ್ಟಣೆಯ ಮೇಲಿರಿಸುವ, ಬ್ಯಾಟರಿಯಿಂದ ಓಡುವ ಫೋರ್ಕ್‌ಲಿಫ್ಟು ನಗರದ ಹೊರವಲಯದ ದೊಡ್ಡ ಉಗ್ರಾಣಗಳಲ್ಲಿ ಇಂದು ನಿತ್ಯದ ನೋಟವಾಗಿದೆ. ಹಳೆಯ ಪೇಟೆಯ ವರ್ತಕರೂ ಪಾರ್ಸೆಲ್ ಗುತ್ತಿಗೆದಾರರೂ ಅದನ್ನು ತರಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಬ್ಯಾಟರಿಗೆ ತಕ್ಕ ಕೋಣೆಯೊಂದನ್ನೂ, ಅದರ ನಿಯಂತ್ರಣದ ಮರ್ಮವನ್ನರಿತ ಹಮಾಲನೊಬ್ಬನನ್ನೂ ಮೊದಲು ಸಿದ್ಧಪಡಿಸಿಕೊಳ್ಳದೆ ಬಂಡಿಯೊಂದನ್ನೇ ಕೊಂಡು ತರುವುದು ಹಣದ ಅಪವ್ಯಯವೆಂದೂ, ಕೆಲವು ಸಲ ಪ್ರಾಣಾಪಾಯವೆಂದೂ, ಅದಕ್ಕಿಂತ ಬಲವಾಗಿ ನಾನು ನಂಬುತ್ತೇನೆ.

ಈ ಬಂಡಿಯ ವಂಶಾವಳಿಯನ್ನು ಹುಡುಕುತ್ತ ಹೋದರೆ ನಾವು ತಲುಪುವುದು ರೈಲು ನಿಲ್ದಾಣವೊಂದನ್ನೇ. ಕಾಚಿಗೂಡದ ಕಟ್ಟಡಕ್ಕೆ ಹತ್ತು ವರ್ಷ ಮೊದಲು, 1906ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಸಂಸ್ಥೆಯು ತನ್ನ ಆಲ್ಟೂನಾ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನನ್ನು ಸಾಗಿಸುವುದಕ್ಕಾಗಿ ಬ್ಯಾಟರಿಯಿಂದ ನಡೆಯುವ ಚಪ್ಪಟೆ ಬಂಡಿಗಳನ್ನು ಬಳಕೆಗೆ ತಂದಿತು. ಭಾರವನ್ನು ಒಯ್ಯುವುದಷ್ಟೇ ಆಗ ಸಾಧ್ಯವಾಗಿತ್ತು. ಎತ್ತುವ ಸಾಮರ್ಥ್ಯವೂ, ಈಗ ನಾವು ಕಾಣುವ ಕವಲಿನ ರೂಪವೂ ಮೊದಲನೆಯ ಮಹಾಯುದ್ಧದ ಅನಂತರದ ದಶಕದಲ್ಲಿ ಒದಗಿದವು. ಹೊಗೆಯಿಲ್ಲದ, ಸದ್ದು ಕಡಮೆಯಾದ ಈ ಬಂಡಿ ಮುಚ್ಚಿದ ಕಟ್ಟಡದೊಳಗಿನ ಕೆಲಸಕ್ಕೆ ಮೊದಲಿನಿಂದಲೂ ಹೇಳಿಮಾಡಿಸಿದಂತಿತ್ತು. ಕಿಟಕಿಯಿಲ್ಲದ, ಸೂರು ತಗ್ಗಾದ ನಮ್ಮ ಪೇಟೆಯ ಗೋದಾಮುಗಳಲ್ಲಿ ಡೀಸೆಲ್ ಬಂಡಿಯನ್ನು ಓಡಿಸುವುದೆಂದರೆ ಒಳಗಿರುವವರಿಗೆ ವಿಷವಾಯುವನ್ನು ಉಸಿರಾಡಿಸಿದಂತೆಯೇ ಸರಿ.

ಇನ್ನು ಬ್ಯಾಟರಿಯ ವಿಚಾರ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆಯು 1859ರಲ್ಲಿ ಕಂಡುಹಿಡಿದ ಸೀಸ ಮತ್ತು ಗಂಧಕಾಮ್ಲಗಳ ವಿದ್ಯುತ್ಕೋಶವೇ ಈ ಬಂಡಿಗಳ ಹೊಟ್ಟೆಯಲ್ಲಿ ಶತಮಾನಕ್ಕೂ ಮೀರಿ ನೆಲೆಸಿದೆ. ಒಂದೊಂದು ಕೋಶದ ಒತ್ತಡ 2 ವೋಲ್ಟು. ಅಂಥ 24 ಕೋಶಗಳನ್ನು ಸಾಲಾಗಿ ಕೂಡಿಸಿದರೆ 48 ವೋಲ್ಟು, 40 ಕೋಶಗಳನ್ನು ಕೂಡಿಸಿದರೆ 80 ವೋಲ್ಟು. 48 ವೋಲ್ಟು, 500 ಆಂಪಿಯರ್-ಗಂಟೆಯ ಒಂದು ಪೆಟ್ಟಿಗೆಯಲ್ಲಿ ಅಡಗಿರುವ ಶಕ್ತಿ 24 ಯೂನಿಟ್ಟು. ಅದರಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ದಿನದ ಕೆಲಸಕ್ಕೆ ಬಳಸಿ ಉಳಿದುದನ್ನು ಮುಟ್ಟದೆ ಬಿಟ್ಟರೆ ಬ್ಯಾಟರಿಯು ಸಾವಿರಕ್ಕೂ ಹೆಚ್ಚು ಸಲ ತುಂಬಿ ಬರಿದಾಗುವಷ್ಟು ಆಯುಷ್ಯವನ್ನು ಪಡೆಯುತ್ತದೆ. ಇಂಥ ಪೆಟ್ಟಿಗೆಯ ತೂಕವು ಮುಕ್ಕಾಲು ಟನ್ನಿನ ಆಸುಪಾಸಿನಲ್ಲಿರುವುದನ್ನು ಕಂಡವರು ಇದೊಂದು ಪ್ರಾರಬ್ಧವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಆ ತೂಕವು ಯಂತ್ರದ ಅಂಗವೇ ಆಗಿದೆ. ಮುಂದಿನ ಗಾಲಿಯನ್ನು ಕೀಲಾಗಿಸಿಕೊಂಡು ತಕ್ಕಡಿಯಂತೆ ನಿಲ್ಲುವ ಈ ಬಂಡಿಯಲ್ಲಿ, ಮುಂದೆ ಎತ್ತಿದ ಸರಕಿಗೆ ಪ್ರತಿಯಾಗಿ ಹಿಂದೆ ಕುಳಿತು ಸಮತೋಲವನ್ನು ಕಾಯುವ ಭಾರದಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಆದ್ದರಿಂದಲೇ ಬ್ಯಾಟರಿಯ ಕನಿಷ್ಠ ತೂಕ ಎಷ್ಟಿರತಕ್ಕದ್ದೆಂಬುದನ್ನು ಬಂಡಿಯ ಲೋಹದ ಫಲಕದ ಮೇಲೆ ಕೊರೆದಿರುತ್ತಾರೆ. ಅಗ್ಗಕ್ಕೆ ಸಿಕ್ಕಿತೆಂದು ಹಗುರವಾದ ಬೇರೊಂದು ಬ್ಯಾಟರಿಯನ್ನು ಅಲ್ಲಿ ಕೂರಿಸಿದವನು, ತುಂಬಿದ ಭಾರದೊಡನೆ ಬಂಡಿ ಮುಗ್ಗರಿಸುವುದಕ್ಕೆ ತಾನೇ ಏರ್ಪಾಡು ಮಾಡಿದಂತಾಗುತ್ತದೆ.

ಈ ಬ್ಯಾಟರಿಯು ಬೇಡುವ ಶುಶ್ರೂಷೆಯು ಕಠಿನವಾದುದಲ್ಲ. ಆದರೆ ತಪ್ಪದೆ ನಡೆಯಬೇಕಾದುದು. ಎಂಟು ಗಂಟೆ ಕೆಲಸ, ಸುಮಾರು ಎಂಟು ಗಂಟೆ ಚಾರ್ಜು, ಅನಂತರ ತಣಿಯುವುದಕ್ಕೆ ವಿರಾಮ ಎಂಬುದು ಹಿಂದಿನಿಂದ ಬಂದ ದಿನಚರಿ. ಚಾರ್ಜು ಮುಗಿದ ಮೇಲೆ ಬಟ್ಟಿಯಿಳಿಸಿದ ನೀರನ್ನು ಹಾಕತಕ್ಕದ್ದು. ಚಾರ್ಜಿಗೆ ಮೊದಲೇ ತುಂಬ ಹಾಕಿದರೆ ದ್ರವ ಹಿಗ್ಗಿ ಉಕ್ಕಿ, ಆಮ್ಲ ಹೊರಚೆಲ್ಲಿ, ಉಕ್ಕಿನ ಪೆಟ್ಟಿಗೆಯನ್ನು ತಿನ್ನುತ್ತದೆ. ಆಮ್ಲದ ಸಾಪೇಕ್ಷ ಸಾಂದ್ರತೆಯು ತುಂಬಿದಾಗ 1.28ರಷ್ಟಿದ್ದು, ಬರಿದಾಗುತ್ತ ಬಂದಂತೆ 1.14ರ ಕಡೆಗೆ ಇಳಿಯುವುದನ್ನು ಗಾಜಿನ ನಳಿಗೆಯೊಂದರಿಂದ ಯಾರು ಬೇಕಾದರೂ ಅಳೆಯಬಹುದು. ಬರಿದಾದ ಬ್ಯಾಟರಿಯನ್ನು ಹಾಗೆಯೇ ದಿನಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಕುಳಿತು ಮರಳಿ ಕರಗದು. ಚಾರ್ಜಿನ ಕೊನೆಯ ಹಂತದಲ್ಲಿ ಜಲಜನಕವು ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ನಾಲ್ಕನ್ನು ಮುಟ್ಟಿತೆಂದರೆ ಒಂದು ಬೀಡಿಯ ಕಿಡಿಯೇ ಸ್ಫೋಟಕ್ಕೆ ಸಾಕು. ಅತ್ಯಂತ ಹಗುರವಾದ ಆ ಅನಿಲ ಮೇಲೇರಿ ಸೂರಿನ ಮೂಲೆಯಲ್ಲಿ ಸೇರುವುದರಿಂದ, ಗಾಳಿಕಿಂಡಿಯು ಗೋಡೆಯ ಮೇಲ್ಭಾಗದಲ್ಲಿಯೇ ಇರತಕ್ಕದ್ದು. ಕೋಣೆಯ ಒಳಗೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಕಣ್ಣಿಗೆ ಆಮ್ಲ ಸಿಡಿದರೆ ತೊಳೆದುಕೊಳ್ಳಲು ಸದಾ ನೀರು ಬರುವ ನಲ್ಲಿಯೊಂದಿರಬೇಕು.

ಇದರ ಮೇಲೆ ಹೈದರಾಬಾದಿನ ಬೇಸಗೆ. ಸೀಸದ ಬ್ಯಾಟರಿಯ ಆಯುಷ್ಯವನ್ನು ಲೆಕ್ಕ ಹಾಕುವುದು 25 ಡಿಗ್ರಿಯ ಉಷ್ಣತೆಯನ್ನು ಆಧಾರವಾಗಿಟ್ಟುಕೊಂಡು. ಅದು 10 ಡಿಗ್ರಿಯಷ್ಟು ಏರಿದರೆ ಆಯುಷ್ಯವು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಈ ವೃತ್ತಿಯವರೆಲ್ಲರೂ ಬಲ್ಲ ಸೂತ್ರ. ಮೇ ತಿಂಗಳಲ್ಲಿ 40 ಡಿಗ್ರಿಯನ್ನು ದಾಟುವ ಈ ಊರಿನಲ್ಲಿ, ತಗಡಿನ ಸೂರಿನ ಕೆಳಗೆ ನಡುಹಗಲಲ್ಲಿ ಚಾರ್ಜಿಗೆ ಹಚ್ಚುವವರು ಐದು ವರ್ಷದ ಬಾಳನ್ನು ಎರಡೇ ವರ್ಷಕ್ಕೆ ಮುಗಿಸುತ್ತಾರೆ. ಹೆಸರು ಹೇಳದಿರುವ ಗೋದಾಮೊಂದರಲ್ಲಿ ನಾನು ಕಂಡುದು ಇದನ್ನೇ: ಬಣ್ಣ ಮಾಸದ ಬಂಡಿಯೊಂದು ಮೂಲೆಯಲ್ಲಿ ನಿಂತಿತ್ತು, ಅದರ ಕೋಶಗಳಲ್ಲಿ ದ್ರವ ಬತ್ತಿ ಫಲಕಗಳು ತಲೆ ತೋರಿದ್ದವು, ಪಕ್ಕದಲ್ಲಿಯೇ ಈರುಳ್ಳಿಯ ಚೀಲಗಳನ್ನು ಇಬ್ಬರು ಮುದುಕರು ಹೊತ್ತು ಸಾಗುತ್ತಿದ್ದರು. ಮಾಲಿಕರು ಯಂತ್ರವನ್ನೇ ದೂರಿದರು. ನೀರು ಹಾಕುವ ಕೆಲಸ ಯಾರದೆಂದು ಕೇಳಿದರೆ ಉತ್ತರವಿರಲಿಲ್ಲ. ಆ ದೃಶ್ಯ ನನ್ನನ್ನು ಬಹುಕಾಲ ನೋಯಿಸಿತು.

ಬ್ಯಾಟರಿಯು ಬಲವಾದರೆ ನಿಯಂತ್ರಕವು ವಿವೇಕ. ಮೊದಮೊದಲ ಬಂಡಿಗಳಲ್ಲಿ ವೇಗವನ್ನು ತಗ್ಗಿಸಬೇಕಾದರೆ ಮೋಟಾರಿಗೆ ಹೋಗುವ ವಿದ್ಯುತ್ತಿಗೆ ದಾರಿಯಲ್ಲಿ ಪ್ರತಿರೋಧದ ಸುರುಳಿಗಳನ್ನು ಅಡ್ಡವಿರಿಸುತ್ತಿದ್ದರು. ಮೆಲ್ಲನೆ ಹೋಗುವಾಗಲೆಲ್ಲ ಶಕ್ತಿಯು ಬರಿಯ ಶಾಖವಾಗಿ ವ್ಯರ್ಥವಾಗುತ್ತಿತ್ತು, ಬಂಡಿ ಹಂತಹಂತವಾಗಿ ಜಿಗಿಯುತ್ತಿತ್ತು. ಅನಂತರ ಥೈರಿಸ್ಟರು, ಅದರ ಹಿಂದೆಯೇ ಟ್ರಾನ್ಸಿಸ್ಟರಿನ ನಿಯಂತ್ರಕಗಳು ಬಂದವು. ಇವು ವಿದ್ಯುತ್ತನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಕಡಿದು ಕಡಿದು, ಬೇಕಾದಷ್ಟನ್ನೇ ಮೋಟಾರಿಗೆ ಉಣಿಸುತ್ತವೆ. ಆದುದರಿಂದ ಗಾಜಿನ ಸರಕನ್ನು ಹೊತ್ತ ಬಂಡಿಯನ್ನೂ ಅಂಗುಲ ಅಂಗುಲವಾಗಿ ಮುಂದೊಯ್ಯಬಹುದು. ಈಚಿನ ಮೂರು ದಶಕಗಳಲ್ಲಿ ಬ್ರಷ್ಷು ಸವೆಯುವ ಡಿಸಿ ಮೋಟಾರಿನ ಸ್ಥಾನವನ್ನು ಎಸಿ ಮೋಟಾರು ಆಕ್ರಮಿಸಿದೆ. ವೇಗವನ್ನಿಳಿಸುವಾಗ ಆ ಮೋಟಾರೇ ವಿದ್ಯುಜ್ಜನಕವಾಗಿ ಮಾರ್ಪಟ್ಟು ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. 2001ರಲ್ಲಿ ಬೆಂಗಳೂರಿನ ಬೀದಿಗಿಳಿದ ರೇವಾ ಕಾರನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದೆನಿಸದು. ಚೇತನ್ ಮೈನಿಯವರ ಆ ಪುಟ್ಟ ವಾಹನವೂ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿಂದ ಕೂಡಿದ 48 ವೋಲ್ಟಿನ ವ್ಯವಸ್ಥೆಯಿಂದಲೇ ನಡೆಯುತ್ತಿತ್ತು.

ನಿಯಂತ್ರಕವು ಮಾಡುವ ಇನ್ನೊಂದು ಕಾರ್ಯವಿದೆ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದುದು. ಚಾಲಕನು ಆಸನದ ಮೇಲೆ ಕುಳಿತಿರದಿದ್ದರೆ ಅದು ಬಂಡಿಯನ್ನು ಚಲಿಸಗೊಡದು. ಪೆಡಲನ್ನು ಒತ್ತಿಹಿಡಿದೇ ಕೀಲಿಯನ್ನು ತಿರುಗಿಸಿದರೆ, ಬಂಡಿ ಥಟ್ಟನೆ ನುಗ್ಗೀತೆಂದು, ಪೆಡಲನ್ನು ಬಿಟ್ಟು ಮತ್ತೆ ಒತ್ತುವ ತನಕ ಸುಮ್ಮನಿರುತ್ತದೆ. ತನ್ನ ಮೈ ಕಾದರೆ ತಾನೇ ವಿದ್ಯುತ್ತನ್ನು ತಗ್ಗಿಸುತ್ತದೆ. ಬ್ಯಾಟರಿಯಲ್ಲಿ ಐದನೆಯ ಒಂದು ಪಾಲು ಉಳಿಯಿತೆಂದಾಗ ಎತ್ತುವ ಕ್ರಿಯೆಯನ್ನು ಸ್ಥಗಿತಗೊಳಿಸಿ, ಚಾರ್ಜಿನ ಕೋಣೆಯವರೆಗೆ ನಡೆದುಹೋಗುವುದಕ್ಕೆ ಮಾತ್ರ ಅನುಮತಿ ನೀಡುತ್ತದೆ. ಇದನ್ನು ಕೆಟ್ಟುಹೋಯಿತೆಂದು ಭ್ರಮಿಸಿ, ಆಸನದ ಸ್ವಿಚ್ಚಿಗೆ ತಂತಿ ಸುತ್ತಿ, ಸೂಚಕವನ್ನು ಕಿತ್ತು ಹಾಕಿ, ‘ಸರಿಪಡಿಸಿಕೊಡುವ’ ಮೆಕ್ಯಾನಿಕ್ಕುಗಳಿದ್ದಾರೆ. ಅವರಿಗೆ ಹಣ ಕೊಡುವ ಮಾಲಿಕರೂ ಇದ್ದಾರೆ. ತಂತಿ ಸುತ್ತಿದ ಆ ಸ್ವಿಚ್ಚಿನ ಮುಂದೆ ನಾಳೆ ಯಾವನೋ ಒಬ್ಬ ಕೂಲಿಯ ಕಾಲು ಇರುತ್ತದೆ. ಇದನ್ನು ಅಪರಾಧವೆಂದೇ ಕರೆಯಬೇಕು. ನಿಯಂತ್ರಕವು ಎಷ್ಟೇ ಚತುರವಾಗಿರಲಿ, ಫಲಕದ ಮೇಲೆ 2 ಟನ್ನೆಂದು ಬರೆದಿರುವುದು ಭಾರದ ಮಧ್ಯಬಿಂದು ಕವಲಿನ ಬುಡದಿಂದ 50 ಸೆಂಟಿಮೀಟರಿನ ಒಳಗಿದ್ದಾಗ ಮಾತ್ರವೆಂಬುದನ್ನು ನೆನಪಿನಲ್ಲಿಡಬೇಕಾದವನು ಚಾಲಕನೇ.

ಲಿಥಿಯಮ್ ಬಂದಿರುವಾಗ ಸೀಸದ ಈ ಉಪಚಾರವೆಲ್ಲ ಏಕೆಂದು ಕೇಳುವವರಿಗೆ ಉತ್ತರ ಹೇಳಬೇಕು. ಲಿಥಿಯಮ್ ಕಬ್ಬಿಣ ಫಾಸ್ಫೇಟಿನ ಕೋಶವು 3.2 ವೋಲ್ಟಿನದು, ಅದಕ್ಕೆ ನೀರು ಬೇಡ, ಅದು ಜಲಜನಕವನ್ನು ಉಗುಳದು, ಊಟದ ಬಿಡುವಿನಲ್ಲಿ ಅರ್ಧ ಗಂಟೆ ಚಾರ್ಜು ಮಾಡಿದರೂ ಮುನಿಯದು, ಬಾಳಿಕೆಯೂ ಹೆಚ್ಚು. ಪ್ರತಿಯೊಂದು ಕೋಶದ ಒತ್ತಡವನ್ನೂ ಉಷ್ಣತೆಯನ್ನೂ ಕಾಯುವ ಎಲೆಕ್ಟ್ರಾನಿಕ್ ಮಂಡಲವೊಂದು ಅದರೊಳಗೇ ಇದ್ದು, ಬಂಡಿಯ ನಿಯಂತ್ರಕದೊಡನೆ ಸದಾ ಸಂವಾದಿಸುತ್ತಿರುತ್ತದೆ; ಈ ಸಂವಾದವಿಲ್ಲದ ಅಗ್ಗದ ಪೆಟ್ಟಿಗೆಗಳನ್ನು ದೂರವಿಡುವುದು ಲೇಸು. ತೂಕ ಅರ್ಧಕ್ಕಿಂತ ಕಡಮೆಯಾದುದರಿಂದ, ಹಳೆಯ ಬಂಡಿಗೆ ಹಾಕುವಾಗ ಕಬ್ಬಿಣದ ಭಾರವನ್ನು ಕೂಡಿಸಿ ಸಮತೋಲವನ್ನು ಸರಿಪಡಿಸಬೇಕು. ಎರಡು ಮೂರು ಪಾಳಿ ದುಡಿಯುವ ಪಾರ್ಸೆಲ್ ಕಟ್ಟೆಗೆ ಲಿಥಿಯಮ್ಮೇ ಯೋಗ್ಯ. ಹಗಲು ಮಾತ್ರ ತೆರೆದಿರುವ ಗಂಜಿನ ವರ್ತಕನಿಗೆ, ನೆರಳಿನ ಕೋಣೆಯೊಂದನ್ನು ಕಟ್ಟಿಸಿ ರಾತ್ರಿ ತಂಪಿನಲ್ಲಿ ಚಾರ್ಜು ಮಾಡುವ ಶಿಸ್ತಿದ್ದರೆ, ಕಡಮೆ ಬೆಲೆಯ ಸೀಸವೇ ಇನ್ನೂ ಸಾಕು. ಸವೆದ ಸೀಸವನ್ನು ಗುಜರಿಗೆ ಹಾಕಿ ಗಲ್ಲಿಯ ಕುಲುಮೆಯಲ್ಲಿ ಕರಗಿಸಲು ಬಿಡಬಾರದು; ಆ ಹೊಗೆ ಮಕ್ಕಳ ಮಿದುಳಿಗೆ ಹಾನಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಸವೆದ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ಈ ವಿದ್ಯೆಗೆ ನಾವು ದೂರ ಹೋಗಬೇಕಾಗಿಯೂ ಇಲ್ಲ. 1977ರಲ್ಲಿ ಹೈದರಾಬಾದ್ ಬ್ಯಾಟರೀಸ್ ಎಂಬ ಹೆಸರಿನಿಂದ ಮೊದಲಾದ ಎಚ್‌ಬಿಎಲ್ ಸಂಸ್ಥೆಯು ವಿಮಾನಗಳಿಗೂ ರೈಲುಗಳಿಗೂ ಬ್ಯಾಟರಿಯನ್ನು ಒದಗಿಸಿದುದಲ್ಲದೆ, ರೈಲುಗಳ ಡಿಕ್ಕಿಯನ್ನು ತಡೆಯುವ ಕವಚ್ ವ್ಯವಸ್ಥೆಯನ್ನೂ ನಿರ್ಮಿಸುತ್ತಿದೆ. ಕಾಚಿಗೂಡದಿಂದ ಕರ್ನೂಲಿನ ಕಡೆಗೆ ಹೊರಟ ರೈಲು ಹಾದುಹೋಗುವ ಮಹಬೂಬನಗರದ ಬಳಿಯ ದಿವಿಟಿಪಲ್ಲಿಯಲ್ಲಿ, ಅಮರ ರಾಜ ಸಂಸ್ಥೆಯ ಲಿಥಿಯಮ್ ಕೋಶಗಳ ಮಹಾ ಕಾರ್ಖಾನೆಗೆ 2023ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾಯಿತು. ಇಂಥ ವಿದ್ಯೆಯ ನಡುವೆ ಕುಳಿತೂ ಪಾರ್ಸೆಲ್ ಕಟ್ಟೆಯಲ್ಲಿ ಮನುಷ್ಯನ ಬೆನ್ನನ್ನೇ ನೆಚ್ಚಿರುವುದು ನನಗೆ ಸಹಿಸಲಾಗದ ಸಂಗತಿ.

ಯಂತ್ರ ಬಂದರೆ ಹಮಾಲರ ಅನ್ನ ಹೋಗುವುದೆಂಬ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ. ಮೂಟೆಯೊಂದಕ್ಕೆ ಇಷ್ಟೆಂದು ಕೂಲಿ ಪಡೆಯುವವನಿಗೆ ಮೂಟೆಯೇ ಜೀವನಾಧಾರ. ಆದರೆ 50 ಕಿಲೋ ಚೀಲವನ್ನು ದಿನವಿಡೀ ಹೊತ್ತ ಮೈ ಐವತ್ತರ ವಯಸ್ಸಿಗೆ ಏನಾಗಿರುತ್ತದೆಂಬುದನ್ನು ಗಂಜಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಿದವರು ಅದನ್ನು ಶಾಶ್ವತಗೊಳಿಸಬೇಕೆಂದು ವಾದಿಸಲಾರರು. ಮೈಗೆ ಹಾನಿಯಾಗುವಷ್ಟು ಭಾರವನ್ನು ಯಾವ ಕಾರ್ಮಿಕನಿಂದಲೂ ಎತ್ತಿಸಬಾರದೆಂದು 1948ರ ಕಾರ್ಖಾನೆ ಕಾಯಿದೆಯ 34ನೆಯ ವಿಧಿಯು ವಿಧಿಸಿತು. ಮಹಾರಾಷ್ಟ್ರವು 1969ರಲ್ಲಿ, ಅಲ್ಲಿ ಮಾಥಾಡಿಗಳೆನ್ನುವ ಹಮಾಲರಿಗಾಗಿಯೇ ಪ್ರತ್ಯೇಕ ಕಾಯಿದೆಯನ್ನು ಮಾಡಿ ಅವರ ಕೂಲಿಗೂ ಕ್ಷೇಮಕ್ಕೂ ಮಂಡಲಿಗಳನ್ನು ಏರ್ಪಡಿಸಿತು. ನಮ್ಮಲ್ಲಿಯೂ ಬಂಡಿಯು ಬರುವ ದಿನವೇ ಅದರ ಕೀಲಿಯು ಹೊರಗಿನಿಂದ ಬಂದ ಚಾಲಕನಿಗಲ್ಲದೆ ಹಮಾಲರ ಗುಂಪಿಗೇ ದೊರೆಯಬೇಕು. ಸರಕಿನ ಸ್ವಭಾವವನ್ನೂ, ಚೀಲ ಎಲ್ಲಿ ಜಾರುತ್ತದೆ, ಒಟ್ಟು ಯಾವಾಗ ವಾಲುತ್ತದೆಂಬುದನ್ನೂ ಅವರಷ್ಟು ಬಲ್ಲವರು ಬೇರಿಲ್ಲ. ಉಳಿತಾಯದ ಒಂದು ಪಾಲು ಕೂಲಿಯ ದರದಲ್ಲಿಯೇ ಕಾಣಿಸಬೇಕು. ವಯಸ್ಸಾದವರಿಗೆ ಬ್ಯಾಟರಿಯ ಕೋಣೆಯ ಉಸ್ತುವಾರಿಯು ಗೌರವದ ಉದ್ಯೋಗವಾಗಬಲ್ಲುದು.

ಅವರಿಗೆ ಕಲಿಸುವುದು ಯಾವ ಭಾಷೆಯಲ್ಲಿ? ಬಂಡಿಯೊಡನೆ ಬರುವ ಪುಸ್ತಕವು ಸಾಮಾನ್ಯವಾಗಿ ಇಂಗ್ಲಿಷಿನದು. ದೋಷಸೂಚಕ ಅಂಕಿಯೊಂದು ಫಲಕದಲ್ಲಿ ಮಿನುಗಿದರೆ ಅದರ ಅರ್ಥವನ್ನು ಓದಿಕೊಳ್ಳಬಲ್ಲವರು ಗೋದಾಮಿನಲ್ಲಿ ಯಾರೂ ಇರುವುದಿಲ್ಲ. ನೀರು ಹಾಕುವ ಹೊತ್ತು, ಸಾಂದ್ರತೆಯ ಅಂಕಿಗಳು, ಗಾಳಿಕಿಂಡಿಯ ಎತ್ತರ, ಮುಟ್ಟಬಾರದ ಸ್ವಿಚ್ಚುಗಳು, ಐದನೆಯ ಒಂದು ಪಾಲಿನ ನಿಯಮ, ಇವಿಷ್ಟನ್ನು ಚಿತ್ರಸಹಿತವಾಗಿ ಇಪ್ಪತ್ತು ಪುಟಗಳಲ್ಲಿ ಹೇಳಬಹುದು. ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಅದನ್ನು ಬರೆಯಬಲ್ಲವರು ಈ ನಗರದಲ್ಲಿ ಹೇರಳವಾಗಿದ್ದಾರೆ. ಕನ್ನಡದ ಪಾಠವನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಕಾಚಿಗೂಡದ ನಮ್ಮ ಸಾಹಿತ್ಯ ಮಂದಿರವು ಅದನ್ನು ಅಚ್ಚು ಹಾಕಿಸಿ, ಭಾನುವಾರದ ಸಂಜೆ ಸಭಾಂಗಣವನ್ನು ಹಮಾಲರ ತರಗತಿಗೆ ಬಿಟ್ಟುಕೊಟ್ಟರೆ, ಬರುವ ಬೇಸಗೆ ಕಾಲಿಡುವ ಮೊದಲೇ ಮೊದಲನೆಯ ಪಾಠವನ್ನು ಆರಂಭಿಸಬಹುದು.